ಕೈ ಕುಲುಕುವ ಚಿತ್ರದ ಡಬ್ಬ: ನೆರವು ಕೊಡುವ ನಮ್ಮ ಸರ್ಕಾರಕ್ಕೆ ಒಂದು ಬಹಿರಂಗ ಪತ್ರ

ಗೆ,
ಅಭಿವೃದ್ಧಿ ಸಹಭಾಗಿತ್ವ ವಿಭಾಗದ ಮುಖ್ಯಸ್ಥರು,
ವಿದೇಶಾಂಗ ಸಚಿವಾಲಯ, ನವದೆಹಲಿ
(ಪ್ರತಿ: ಎಕ್ಸಿಮ್ ಬ್ಯಾಂಕ್, ಮುಂಬೈ. ಓದಲು ಪುರುಸೊತ್ತಿರುವ ಎಲ್ಲರಿಗೂ)

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆಫ್ರಿಕಾದಿಂದ ಫ್ರೆಂಚಿನಲ್ಲೂ ಪೋರ್ಚುಗೀಸಿನಲ್ಲೂ ಬರುವ ಕಾಗದಗಳನ್ನು ಓದಿಸಿಕೊಳ್ಳುವ ನಿಮಗೆ ಶಿರಾ ತಾಲೂಕಿನ ಒಂದು ಕಾಗದ ಓದಿಸಿಕೊಳ್ಳುವುದು ಕಷ್ಟವಾಗಲಾರದು ಎಂಬ ಧೈರ್ಯ.

ನಾನು ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 28 ವರ್ಷ ಕಾರ್ಯದರ್ಶಿಯಾಗಿದ್ದವನು. ಬೆಳಗ್ಗೆ ಸಂಜೆ ಹಾಲು ಅಳೆದು, ಫ್ಯಾಟು ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಬದುಕಿದವನಿಗೆ ವಿದೇಶಾಂಗ ನೀತಿ ಏಕೆ ಎಂದು ನೀವು ಕೇಳಬಹುದು. ಎರಡು ಕಾರಣ. ಒಂದು, ನಾನು ವಿದೇಶಿ ನೆರವನ್ನು ಉಂಡು ಬೆಳೆದವನು, ಅಕ್ಷರಶಃ. ಇನ್ನೊಂದು, ನಮ್ಮ ದೇಶ ಈಗ ನೆರವು ಕೊಡುವವರ ಸಾಲಿನಲ್ಲಿ ನಿಂತಿದೆ. 2003ರಲ್ಲಿ ನಾವು ಸಣ್ಣಪುಟ್ಟ ದೇಶಗಳ ನೆರವು ಇನ್ನು ಬೇಡ ಎಂದೆವು. 2012ರ ಜನವರಿಯಲ್ಲಿ ನಿಮ್ಮ ವಿಭಾಗ ಶುರುವಾಯಿತು. ಇವತ್ತು 60ಕ್ಕೂ ಹೆಚ್ಚು ದೇಶಗಳಿಗೆ 3,000 ಕೋಟಿ ಡಾಲರ್ ಮೀರಿದ ಸಾಲದ ಭರವಸೆ ಸರ್ಕಾರದ ರಫ್ತು-ಆಮದು ಬ್ಯಾಂಕಾದ ಎಕ್ಸಿಮ್ ಬ್ಯಾಂಕಿನ ಮೂಲಕ ಹೋಗಿದೆ. ಹೆಮ್ಮೆಯ ಮಾತೇ. ಆದರೆ ಕೊಡುವವರಿಗೆ ಒಂದು ಕಷ್ಟವಿದೆ. ತಾವು ಕೊಟ್ಟ ಮೂಟೆ ಎಲ್ಲಿ ಇಳಿಯಿತು ಎಂಬುದು ಅವರಿಗೆ ಗೊತ್ತಾಗುತ್ತದೆ. ಅದೇ ಬೀದಿಯ ಎದುರು ಸಾಲಿನಲ್ಲಿ ಅಂಗಡಿ ಇಟ್ಟುಕೊಂಡವನ ಗತಿ ಏನಾಯಿತು ಎಂಬುದು ಗೊತ್ತಾಗುವುದಿಲ್ಲ. ನಾನು ಆ ಎದುರು ಸಾಲಿನಿಂದ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಮಧ್ಯಾಹ್ನ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ನನ್ನ ವಯಸ್ಸಿನವರು ಯಾರನ್ನೇ ಕೇಳಿ, ‘ಅಮೆರಿಕಾ ಉಪ್ಪಿಟ್ಟು’ ಎಂದರೆ ಸಾಕು, ಕಣ್ಣು ಅರಳುತ್ತದೆ. ಕೆಲವು ದಿನ ಹಾಲಿನ ಪುಡಿ ಕದಡಿ ಲೋಟಕ್ಕೆ ಹಾಕುತ್ತಿದ್ದರು. ಅದರ ವಾಸನೆಗೆ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದೆವು. ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದ ಎಣ್ಣೆ ಚೌಕದ ತಗಡಿನ ಡಬ್ಬದಲ್ಲಿ ಬರುತ್ತಿತ್ತು. ಡಬ್ಬದ ಮೇಲೆ ನಕ್ಷತ್ರ, ಪಟ್ಟೆ, ಎರಡು ಕೈ ಒಂದನ್ನೊಂದು ಕುಲುಕುವ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಮೇಷ್ಟ್ರು ಒಂದು ಸಲ ಓದಿ ಹೇಳಿದರು: ಇದು ಅಮೆರಿಕದ ಜನ ಕೊಟ್ಟ ದಾನ, ಮಾರುವಂತಿಲ್ಲ, ಬದಲಿ ಕೊಡುವಂತಿಲ್ಲ.

ಮಾರುವಂತಿಲ್ಲ ಎಂದು ಬರೆದಿದ್ದ ಆ ಎಣ್ಣೆ ಸಂತೆಯ ದಿನ ಮಾರಾಟವಾಗುತ್ತಿತ್ತು. ಯಾರು ಮಾರುತ್ತಿದ್ದರು ಎಂಬುದು ಊರಿಗೆಲ್ಲ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನಮ್ಮ ಬೀದಿಯ ಕೊನೆಗೆ ಗಾಣವಿತ್ತು. ಗಾಣದಜ್ಜ ಒಂದೇ ಎತ್ತು ಕಟ್ಟಿ ಕಡಲೆಕಾಯಿ ಎಣ್ಣೆ ತೆಗೆಯುತ್ತಿದ್ದ. ಹಿಂಡಿಯನ್ನು ಎಮ್ಮೆ ಇರುವವರು ಒಯ್ಯುತ್ತಿದ್ದರು, ಎಣ್ಣೆಯನ್ನು ಮನೆಮನೆಗೂ ಪಾವು ಲೆಕ್ಕದಲ್ಲಿ ಅಳೆದು ಕೊಡುತ್ತಿದ್ದ. ಡಬ್ಬದ ಎಣ್ಣೆ ಅವನ ಅರ್ಧ ಬೆಲೆಗೆ ಸಿಗುತ್ತಿದ್ದ ತಿಂಗಳಲ್ಲಿ ಅವನು ಅಪ್ಪನ ಹತ್ತಿರ ಬಂದು ಜಗಲಿಯ ಮೇಲೆ ಕೂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನನ್ನ ಎಣ್ಣೆಗೆ ಎತ್ತು ಐತೆ, ಎತ್ತಿಗೆ ಮೇವು ಐತೆ, ಕಾಯಿಗೆ ಕಾಸು ಐತೆ. ಅವನ ಎಣ್ಣೆಗೆ ಏನೈತೆ? ಬರೀ ಡಬ್ಬ.”

ಡಬ್ಬದ ಎಣ್ಣೆಯೊಂದೇ ಆ ಗಾಣ ನಿಲ್ಲಿಸಿತು ಎಂದು ನಾನು ಹೇಳಲಾರೆ. ಚಳ್ಳಕೆರೆಯ ಮಿಲ್ಲುಗಳು ಆಗಲೇ ಶುರುವಾಗಿದ್ದವು, ಇವತ್ತಲ್ಲ ನಾಳೆ ಎತ್ತಿನ ಗಾಣ ನಿಲ್ಲಲೇಬೇಕಿತ್ತು. ಆದರೆ ಮಿಲ್ಲಿನವನ ಜೊತೆ ಪೈಪೋಟಿ ಮಾಡಿ ಸೋಲುವುದು ಬೇರೆ. ಬೆಲೆಯೇ ಇಲ್ಲದ ವಸ್ತುವಿನ ಜೊತೆ ಪೈಪೋಟಿ ಮಾಡುವುದು ಬೇರೆ. ಮಿಲ್ಲಿನವನೂ ಕಾಯಿ ಕೊಳ್ಳಬೇಕು, ಕೂಲಿ ಕೊಡಬೇಕು. ಅವನ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ದಾನದ ವಸ್ತುವಿನ ಬೆಲೆಗೆ ತಳವೇ ಇರುವುದಿಲ್ಲ.

ಉಪ್ಪಿಟ್ಟಿನ ಋಣ ನನ್ನ ಮೇಲಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬರದ ವರ್ಷಗಳಲ್ಲಿ ಆ ಒಂದು ಹೊತ್ತಿನ ಉಪ್ಪಿಟ್ಟಿಗಾಗಿಯೇ ಶಾಲೆಗೆ ಬಂದ ಹುಡುಗರು ಇದ್ದರು, ನಾನೂ ಅವರಲ್ಲೊಬ್ಬ. ಹಸಿದವನ ಮುಂದೆ ಅರ್ಥಶಾಸ್ತ್ರ ಹೇಳಬಾರದು. ನನ್ನ ತಕರಾರು ಉಪ್ಪಿಟ್ಟಿನ ಬಗ್ಗೆ ಅಲ್ಲ. ಡಬ್ಬ ಸಂತೆಗೆ ಹೋದದ್ದರ ಬಗ್ಗೆ.

ದೇಶದ ಮಟ್ಟದಲ್ಲೂ ಇದೇ ಕಥೆ ನಡೆದಿತ್ತು. ಅಮೆರಿಕದ 1954ರ ಪಿಎಲ್‌-480 ಕಾಯಿದೆಯಡಿ ಅವರ ಮಿಗತೆ ಗೋಧಿ ನಮಗೆ ರೂಪಾಯಿ ಲೆಕ್ಕದಲ್ಲಿ ಬಂತು. 1965–66ರ ಬರದಲ್ಲಿ ಹಡಗಿನಿಂದ ನೇರ ಬಾಯಿಗೆ ಎಂಬ ಸ್ಥಿತಿಯಾಯಿತು. ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ತಿಂಗಳು ತಿಂಗಳಿಗೆ ಅಳೆದು ಬಿಡುತ್ತಿದ್ದರು, ಹಗ್ಗ ಗಿಡ್ಡ ಮಾಡಿ ಕಟ್ಟಿದ ಹಸುವಿನ ಹಾಗೆ ನಾವು ನಿಂತಿದ್ದೆವು. ಆ ಗೋಧಿಯಿಂದ ಎಷ್ಟೋ ಜೀವ ಉಳಿಯಿತು, ನಿಜ. ಪೇಟೆಯಲ್ಲಿ ಅಗ್ಗದ ಗೋಧಿ ಇರುವ ತನಕ ನಮ್ಮ ರೈತನಿಗೆ ಬೆಲೆ ಸಿಗದು, ಬೆಲೆ ಸಿಗದೆ ಅವನು ಹೆಚ್ಚು ಬೆಳೆಯಲಾರ ಎಂಬ ವಾದವೂ ಆಗಲೇ ಎದ್ದಿತ್ತು. 1965ರಲ್ಲಿ ಕೃಷಿ ಬೆಲೆ ಆಯೋಗ, ಆಹಾರ ನಿಗಮ ಎರಡೂ ಒಟ್ಟಿಗೆ ಹುಟ್ಟಿದ್ದು ಸುಮ್ಮನೆ ಅಲ್ಲ. (ನಮ್ಮ ಕಡೆ ಇನ್ನೊಂದು ನಂಬಿಕೆಯಿದೆ: ಹೊಲದ ಬದುವಿನಲ್ಲಿ ತುಂಬಿಕೊಂಡಿರುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಆ ಗೋಧಿಯ ಜೊತೆಗೇ ಬಂತು ಎಂದು. ಕೀಳುವಾಗೆಲ್ಲ ಅಮೆರಿಕಕ್ಕೆ ಎರಡು ಬೈಗುಳ ಬೀಳುತ್ತವೆ.)

ಈಗ ಹಾಲಿಗೆ ಬರುತ್ತೇನೆ. ಇದು ನನ್ನ ಕಸುಬು, ಸ್ವಲ್ಪ ಉದ್ದ ಹೇಳಿದರೆ ಬೇಸರಿಸಬೇಡಿ.

1960ರ ದಶಕದ ಕೊನೆಗೆ ಯುರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆ ಬೆಟ್ಟದ ಹಾಗೆ ಬಿದ್ದಿತ್ತು. ಅವರ ಸರ್ಕಾರಗಳೇ ರೈತರಿಗೆ ಒಳ್ಳೆಯ ಬೆಲೆ ಕೊಟ್ಟು ಕೊಂಡು ಗೋದಾಮು ತುಂಬಿಸಿದ್ದವು. ಅದು ಎಲ್ಲಿಗಾದರೂ ಹೋಗಲೇಬೇಕಿತ್ತು. ನಮ್ಮ ದೊಡ್ಡ ಊರುಗಳ ಸರ್ಕಾರಿ ಡೇರಿಗಳು ಆಗಲೇ ಅಗ್ಗದ ವಿದೇಶಿ ಪುಡಿಗೆ ಒಗ್ಗಿದ್ದವು. ಪುಡಿ ಕದಡಿ ಮಾರುವುದು ಸುಲಭ, ಹಳ್ಳಿಹಳ್ಳಿ ಸುತ್ತಿ ಹಾಲು ತರುವುದು ಕಷ್ಟ. ಸುಲಭದ ದಾರಿ ಸಿಕ್ಕಿದಾಗ ಕಷ್ಟದ ದಾರಿ ಯಾರು ಹಿಡಿಯುತ್ತಾರೆ? ಹಳ್ಳಿಯವನ ಹಾಲನ್ನು ಕೇಳುವವರಿರಲಿಲ್ಲ. ಈ ಬೆಟ್ಟವೂ ಹಾಗೆಯೇ ನಮ್ಮ ಪೇಟೆಗೆ ಉರುಳಿದ್ದರೆ ಇವತ್ತು ನಂದಿನಿಯೂ ಇಲ್ಲ, ನನ್ನ ಸಂಘವೂ ಇಲ್ಲ.

ಆಣಂದ್‌ನಲ್ಲಿ ಕೂತು ಅಮುಲ್ ಸಹಕಾರ ಡೇರಿ ನಡೆಸುತ್ತಿದ್ದ ವರ್ಗೀಸ್ ಕುರಿಯನ್ ಅದನ್ನು ಬೇರೆ ರೀತಿ ನೋಡಿದರು. ಪುಡಿ ಬರಲಿ, ದಾನವಾಗಿಯೇ ಬರಲಿ, ಆದರೆ ಇಲ್ಲಿ ದಾನವಾಗಿ ಹಂಚುವುದು ಬೇಡ. 1970ರಲ್ಲಿ ಶುರುವಾದ ಕ್ಷೀರ ಕ್ರಾಂತಿಯ ಯೋಜನೆ, ಅಂದರೆ ಆಪರೇಷನ್ ಫ್ಲಡ್, ನಿಂತದ್ದು ಈ ಒಂದು ಲೆಕ್ಕಾಚಾರದ ಮೇಲೆ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಮೊದಲ ಹಂತಕ್ಕೆ ಗೊತ್ತಾದದ್ದು 1 ಲಕ್ಷ 26 ಸಾವಿರ ಟನ್ ಕೆನೆ ತೆಗೆದ ಹಾಲಿನ ಪುಡಿ, 42 ಸಾವಿರ ಟನ್ ಬೆಣ್ಣೆ ಎಣ್ಣೆ. ಅದನ್ನು ಭಾರತೀಯ ಡೇರಿ ನಿಗಮ ಎಂಬ ಒಂದೇ ಕೈಯ ಮೂಲಕ ಡೇರಿಗಳಿಗೆ ಬೆಲೆ ಕಟ್ಟಿ ಮಾರಿದರು. ಪುಡಿಯಿಂದ ಮಾಡಿದ ಹಾಲು ಹಳ್ಳಿಯ ಹಾಲನ್ನು ಹೊಡೆದುಹಾಕದಂತೆ ಬೆಲೆ ಇಡುವುದು ಉದ್ದೇಶ. ಮಾರಿ ಬಂದ ದುಡ್ಡು ಸಂಘಗಳಿಗೆ, ಶೀತಲೀಕರಣ ಕೇಂದ್ರಗಳಿಗೆ, ಪಶು ಆಹಾರದ ಕಾರ್ಖಾನೆಗಳಿಗೆ ಹೋಯಿತು. ಯುರೋಪಿನ ಹಸುವಿನ ಹಾಲು ನಮ್ಮ ಎಮ್ಮೆಗೆ ಮೇವಾಯಿತು ಎನ್ನಿ.

ಎಲ್ಲವೂ ಹಾಗೇ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ಡೇರಿಗಳು ಪುಡಿಯ ಚಟ ಬಿಡಲಿಲ್ಲ, ಬೆಲೆ ಸಾಕಷ್ಟು ಏರಿಸಲಿಲ್ಲ ಎಂಬ ದೂರುಗಳಿದ್ದವು. ಟೀಕೆ ಜೋರಾಗಿ ಎಲ್.ಕೆ. ಝಾ ಅವರ ಸಮಿತಿಯೇ ಕೂತು ಯೋಜನೆಯನ್ನು ಪರಿಶೀಲಿಸಬೇಕಾಯಿತು. ಅಷ್ಟಾದರೂ 1996ರಲ್ಲಿ ಮೂರನೇ ಹಂತ ಮುಗಿಯುವ ಹೊತ್ತಿಗೆ ನಮಗೆ ಯಾರ ಪುಡಿಯೂ ಬೇಕಿರಲಿಲ್ಲ.

ಕರ್ನಾಟಕಕ್ಕೆ ಇದು ಬಂದದ್ದು ಸ್ವಲ್ಪ ಬೇರೆ ದಾರಿಯಲ್ಲಿ. 1974ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕರ್ನಾಟಕ ಡೇರಿ ಅಭಿವೃದ್ಧಿ ಯೋಜನೆ ಶುರುವಾಯಿತು. 1984ರಲ್ಲಿ ಅದೇ ಕೆಎಂಎಫ್ ಆಯಿತು. ನಮ್ಮೂರಿಗೆ ಸಂಘ ಬಂದಾಗ ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ದೇವಸ್ಥಾನದ ಪಕ್ಕದ ಕೊಠಡಿಯಲ್ಲಿ ಒಂದು ಮೇಜು, ಹಾಲು ಅಳೆಯುವ ಮಾಪು, ಲ್ಯಾಕ್ಟೋಮೀಟರು. ಮೊದಲ ದಿನ 40 ಲೀಟರಿನ ಒಂದು ಕ್ಯಾನೂ ತುಂಬಲಿಲ್ಲ. ಅರ್ಧ ಕ್ಯಾನು ಹೊತ್ತುಕೊಂಡು ಹೋದ ಲಾರಿಯವನು ನಕ್ಕಿದ್ದ.

ಆಮೇಲೆ ಆದದ್ದನ್ನು ನಾನು ಲೆಕ್ಕದ ಪುಸ್ತಕದಲ್ಲಿ ಅಲ್ಲ, ಬೀದಿಯಲ್ಲಿ ನೋಡಿದೆ. ಬಟವಾಡೆಯ ದಿನ ಹೆಂಗಸರು ಸಾಲು ನಿಂತು ದುಡ್ಡು ಎಣಿಸಿಕೊಂಡು, ನೇರ ಅಂಗಡಿಗೆ ಹೋಗುತ್ತಿದ್ದರು. ಆ ದುಡ್ಡಿನ ವಾಸನೆ ಹಿಡಿದು ಮೊದಲು ಬಂದವನು ಬೂಸಾ ಅಂಗಡಿಯವನು. ಅವನ ಪಕ್ಕ ಸೈಕಲ್ ಶಾಪು. ಹಾಲು ತರುವವರ ಸೈಕಲ್ಲುಗಳು ಪಂಚರ್ ಆಗಬೇಕಲ್ಲ. ಹಗ್ಗ, ಗಂಟೆ, ಮೂಗುದಾರ ಮಾರುವವನು ಸಂತೆ ಬಿಟ್ಟು ಇಲ್ಲೇ ಚಪ್ಪರ ಹಾಕಿದ. ಹಾಲು ಕೊಡುವವರಿಗೆ ಸೀಮೆಹಸು ಕೊಳ್ಳಲು ಬ್ಯಾಂಕು ಸಾಲ ಕೊಟ್ಟಿತು, ಸಾಲದ ಹಸುವಿಗೆ ವಿಮೆ ಮಾಡಿಸಲು ಇನ್ನೊಬ್ಬ ಬಂದ. ಗಾಣದಜ್ಜನ ಮೊಮ್ಮಗ ಇವತ್ತು ಪಶು ಆಹಾರದ ಏಜೆನ್ಸಿ ನಡೆಸುತ್ತಾನೆ. 2024ರ ಜೂನ್‌ನಲ್ಲಿ ಕೆಎಂಎಫ್‌ಗೆ ದಿನಕ್ಕೆ 1 ಕೋಟಿ ಲೀಟರ್ ಹಾಲು ಬಂತು ಎಂಬ ಸುದ್ದಿ ಓದಿದಾಗ ನನಗೆ ಆ ಅರ್ಧ ಕ್ಯಾನು ನೆನಪಾಯಿತು.

ಇನ್ನೊಂದು ಸಂಗತಿ. 2013ರ ಆಗಸ್ಟ್‌ನಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಕೊಡುತ್ತಾರೆ. ಅದೂ ಪುಡಿಯ ಹಾಲೇ! ನನ್ನ ಮೊಮ್ಮಗಳು ನಾನು ಮಾಡಿದಂತೆಯೇ ಮೂಗು ಮುಚ್ಚಿಕೊಂಡು ಕುಡಿಯುತ್ತಾಳೆ. ಆದರೆ ಆ ಪುಡಿ ನಮ್ಮದೇ ಹಾಲಿನದು, ಸರ್ಕಾರ ದುಡ್ಡು ಕೊಟ್ಟು ಕೆಎಂಎಫ್‌ನಿಂದ ಕೊಂಡದ್ದು. ಮಗುವಿಗೆ ಉಚಿತ, ರೈತನಿಗೆ ಮಾರಾಟ. ನನ್ನ ಕಾಲದ ಲೋಟಕ್ಕೂ ಅವಳ ಲೋಟಕ್ಕೂ ಇರುವ ಈ ಒಂದು ವ್ಯತ್ಯಾಸವನ್ನು ನಿಮ್ಮ ಕಡತಗಳಿಗೆ ಸೇರಿಸಬೇಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮಷ್ಟು ಅದೃಷ್ಟ ಎಲ್ಲರಿಗೂ ಇರಲಿಲ್ಲ. ಕೆರಿಬಿಯನ್ ಸಮುದ್ರದ ಹೈಟಿಯನ್ನು ನೋಡಿ. ಎಂಬತ್ತರ ದಶಕದ ಶುರುವಿನ ತನಕ ಆ ದೇಶ ತನ್ನ ಅನ್ನದ ಅಕ್ಕಿಯನ್ನು ಬಹುಪಾಲು ತಾನೇ ಬೆಳೆದುಕೊಳ್ಳುತ್ತಿತ್ತು. ಆರ್ಟಿಬೊನೈಟ್ ಕಣಿವೆ ಅವರ ಗಂಗಾವತಿ ಎಂದುಕೊಳ್ಳಿ. ಆಮೇಲೆ ಅಮೆರಿಕದ ಅಕ್ಕಿ ಒಂದು ಕಡೆ ನೆರವಾಗಿಯೂ ಇನ್ನೊಂದು ಕಡೆ ಸಬ್ಸಿಡಿಯ ವ್ಯಾಪಾರವಾಗಿಯೂ ಬಂತು. ಜನ ಅದಕ್ಕೆ ‘ಮಯಾಮಿ ಅಕ್ಕಿ’ ಎಂದೇ ಹೆಸರಿಟ್ಟರು. ಸಾಲ ಬೇಕಾದರೆ ಬಾಗಿಲು ತೆರೆ ಎಂಬ ಒತ್ತಡಕ್ಕೆ ಮಣಿದು 1995ರಲ್ಲಿ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಿದರು. ಭತ್ತದವನು ಗದ್ದೆ ಬಿಟ್ಟ, ಅವನ ಹಿಂದೆ ಅಕ್ಕಿ ಗಿರಣಿಯವನು, ಗಿರಣಿಯ ಹಿಂದೆ ಸಗಟು ವ್ಯಾಪಾರಿ. 2010ರ ಮಾರ್ಚ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ ಕೂತು ಇದನ್ನು ಒಪ್ಪಿಕೊಂಡರು: ನಮ್ಮ ಅರ್ಕನ್ಸಾ ರಾಜ್ಯದ ಕೆಲವು ರೈತರಿಗೆ ಒಳ್ಳೆಯದಾಗಿರಬಹುದು, ಆದರೆ ಅದು ತಪ್ಪು, ಆ ತಪ್ಪಿನ ಜೊತೆಗೇ ನಾನು ದಿನವೂ ಬದುಕಬೇಕಾಗಿದೆ ಎಂಬ ಅರ್ಥದಲ್ಲಿ. ದೊಡ್ಡ ಮನುಷ್ಯರು ಇಷ್ಟು ಸ್ಪಷ್ಟವಾಗಿ ತಪ್ಪೊಪ್ಪಿಕೊಳ್ಳುವುದು ಅಪರೂಪ, ಅದಕ್ಕೆ ಮೆಚ್ಚುತ್ತೇನೆ. ಬಿಟ್ಟುಹೋದ ಗದ್ದೆ ಮಾತ್ರ ಅದರಿಂದ ಮತ್ತೆ ನಾಟಿಯಾಗುವುದಿಲ್ಲ.

ಅದೇ ವರ್ಷದ ಜನವರಿ 12ರಂದು ಅಲ್ಲಿ ಭೂಕಂಪವಾಗಿತ್ತು. ಇಡೀ ಜಗತ್ತು ಅಕ್ಕಿ, ನೀರು, ಔಷಧ ಕಳಿಸಿತು. ಕಳಿಸಬೇಕಾದ್ದೇ. ಆದರೆ ಎರಡು ತಿಂಗಳು ಕಳೆಯುವುದರೊಳಗೆ ಅಧ್ಯಕ್ಷ ರೆನೆ ಪ್ರೆವಾಲ್ ಕೇಳಿದ್ದೇನು? ಇನ್ನು ಆಹಾರ, ನೀರು ಕಳಿಸುವುದನ್ನು ಮುಂದುವರಿಸಿದರೆ ಅದು ನಮ್ಮವರ ಬೆಳೆಗೂ ವ್ಯಾಪಾರಕ್ಕೂ ಪೈಪೋಟಿಯಾಗುತ್ತದೆ ಎಂದು. ಮನೆ ಬಿದ್ದ ದೇಶದ ಯಜಮಾನ ಊಟ ಸಾಕು, ಕೆಲಸ ಕೊಡಿ ಎನ್ನಬೇಕಾದರೆ ಅಂಗಡಿ ಸಾಲಿನಲ್ಲಿ ಎಂಥ ಮೌನವಿದ್ದಿರಬೇಕು, ಯೋಚಿಸಿ. ಇಷ್ಟಾದ ಮೇಲೂ 2016ರಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನಲ್ಲಿ ಮಿಕ್ಕಿದ್ದ 500 ಟನ್ ಕಡಲೆಕಾಯಿಯನ್ನು ಹೈಟಿಯ ಶಾಲಾ ಮಕ್ಕಳಿಗೆ ಕಳಿಸಲು ಹೊರಟಿತು. ಕಡಲೆಕಾಯಿ ಅಲ್ಲಿಯ ಬಡ ರೈತರ ಬೆಳೆ. ಹೆಂಗಸರು ಅದನ್ನು ಹುರಿದು, ಅರೆದು, ಬೀದಿಯಲ್ಲಿ ಮಾರುತ್ತಾರೆ. ದೊಡ್ಡ ಗಲಾಟೆಯೇ ಆಯಿತು. ಆ ಸುದ್ದಿ ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಪಾವಗಡ, ಚಳ್ಳಕೆರೆಯ ಒಕ್ಕಣೆ ಕಾಲ. ಸುಗ್ಗಿಯ ಹೊತ್ತಿಗೆ ಯಾರಾದರೂ ನಮ್ಮ ಶಾಲೆಗಳಿಗೆ ಪುಕ್ಕಟೆ ಕಡಲೆಕಾಯಿ ಲಾರಿ ತಂದು ನಿಲ್ಲಿಸಿದ್ದರೆ ಮಂಡಿಯಲ್ಲಿ ಏನಾಗುತ್ತಿತ್ತು!

ಬಟ್ಟೆಯ ಕಥೆ ಇನ್ನೂ ವಿಚಿತ್ರ. ನನ್ನ ಅಕ್ಕನ ಮಗ ನೈರೋಬಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಅಲ್ಲಿಯ ಗಿಕೊಂಬಾ ಮಾರುಕಟ್ಟೆಯಿಂದ ಒಂದು ಸಲ ಫೋಟೋ ಕಳಿಸಿದ್ದ. ಆಳೆತ್ತರದ ಬಟ್ಟೆಯ ಗಂಟುಗಳು, ಪ್ಲಾಸ್ಟಿಕ್ ಪಟ್ಟಿ ಬಿಗಿದವು. ಅದಕ್ಕೆ ಅವರು ‘ಮಿಟುಂಬಾ’ ಅನ್ನುತ್ತಾರೆ. ಹಾಗೆಂದರೆ ಗಂಟುಗಳು ಎಂದೇ ಅರ್ಥವಂತೆ. ಅಮೆರಿಕ, ಯುರೋಪಿನವರು ಉಟ್ಟು ಸಾಕಾದ ಬಟ್ಟೆಯನ್ನು ಧರ್ಮಕ್ಕೆಂದು ಪೆಟ್ಟಿಗೆಗೆ ಹಾಕುತ್ತಾರೆ. ಆ ಧರ್ಮ ಸಮುದ್ರ ದಾಟುವಷ್ಟರಲ್ಲಿ ಕೆಜಿ ಲೆಕ್ಕದ ಸರಕಾಗಿರುತ್ತದೆ. “ಮಾವ, ಇದರಲ್ಲಿ ಒಂದು ಅಂಗಿಯ ಕಾಲರಿನ ಹಿಂದೆ ಮೇಡ್ ಇನ್ ಇಂಡಿಯಾ ಅಂತಿತ್ತು” ಎಂದು ಬರೆದಿದ್ದ. ಬೆಂಗಳೂರಿನ ಯಾವುದೋ ಗಾರ್ಮೆಂಟ್ಸಿನಲ್ಲಿ ನಮ್ಮ ಕಡೆಯ ಹುಡುಗಿಯೇ ಹೊಲಿದದ್ದೋ ಏನೋ.

ಟೊರೊಂಟೊ ವಿಶ್ವವಿದ್ಯಾಲಯದ ಗಾರ್ತ್ ಫ್ರೇಜರ್ 2008ರಲ್ಲಿ ಲೆಕ್ಕ ಹಾಕಿದ ಪ್ರಕಾರ, 1981ರಿಂದ 2000ದ ನಡುವೆ ಆಫ್ರಿಕಾದ ಸಿದ್ಧ ಉಡುಪು ಉತ್ಪಾದನೆ ಕುಸಿದದ್ದರಲ್ಲಿ ಶೇ 40ರಷ್ಟಕ್ಕೆ ಹಳೆ ಬಟ್ಟೆಯ ಆಮದೇ ಕಾರಣ. 2016ರಲ್ಲಿ ಪೂರ್ವ ಆಫ್ರಿಕಾದ ದೇಶಗಳು ಸೇರಿ ಇದನ್ನು ಹಂತಹಂತವಾಗಿ ನಿಲ್ಲಿಸೋಣ ಎಂದವು. ರುವಾಂಡಾ ಕೆಜಿಗೆ 20 ಸೆಂಟ್ ಇದ್ದ ಸುಂಕವನ್ನು ಎರಡೂವರೆ ಡಾಲರಿಗೆ ಏರಿಸಿತು. ಅಮೆರಿಕದ ಹಳೆ ಬಟ್ಟೆ ವ್ಯಾಪಾರಿಗಳ ಸಂಘ ದೂರು ಕೊಟ್ಟಿತು. ಉಳಿದ ದೇಶಗಳು ಹಿಂದೆ ಸರಿದವು, ರುವಾಂಡಾ ಸರಿಯಲಿಲ್ಲ. 2018ರ ಜುಲೈನಲ್ಲಿ ಅದರ ಉಡುಪುಗಳಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ ನಿಂತಿತು. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ’ ಎಂದು ನಮ್ಮಲ್ಲಿ ಗೇಲಿ ಮಾಡುತ್ತಾರೆ. ರುವಾಂಡಾ ಹಿತ್ತಲಿಗೆ ಹೋಗದೆ ಅಂಗಳದಲ್ಲೇ ನಿಂತು ಮೊಳ ಹಾಕಿತು. ಅವಳು ಮೊಳ ಹಾಕಿದ್ದರಲ್ಲಿ ತಪ್ಪೇನಿದೆ ಎಂದು ನನಗೆ ಈಚೆಗೆ ಅನಿಸುತ್ತಿದೆ.

ಆದರೆ ಅಕ್ಕನ ಮಗ ಇನ್ನೊಂದು ಮಾತನ್ನೂ ಹೇಳಿದ. ಗಿಕೊಂಬಾದಲ್ಲಿ ಆ ಗಂಟು ಬಿಚ್ಚಿ, ವಿಂಗಡಿಸಿ, ಹರಿದದ್ದು ಹೊಲಿದು, ಇಸ್ತ್ರಿ ಮಾಡಿ ಮಾರಿ ಬದುಕುವವರು ಸಾವಿರ ಸಾವಿರ ಜನ ಇದ್ದಾರೆ. ನಾಳೆ ಬೆಳಗ್ಗೆ ನಿಲ್ಲಿಸಿದರೆ ಅವರು ಬೀದಿಗೆ ಬೀಳುತ್ತಾರೆ. ಹೌದು, ಒಂದು ಸಲ ಪೇಟೆಯೊಳಗೆ ಬೇರು ಬಿಟ್ಟ ಮೇಲೆ ಕಿತ್ತರೂ ನೋವು, ಬಿಟ್ಟರೂ ನೋವು. 2025ರ ಜುಲೈನಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿದಾಗ ನೆರವಿನ ಗುತ್ತಿಗೆಯನ್ನೇ ನಂಬಿದ್ದ ಲಾರಿಯವರು, ಗೋದಾಮಿನವರು, ಮುದ್ರಣದವರು ಅನುಭವಿಸಿದ್ದೂ ಇದೇ.

ಒಳ್ಳೆಯ ಬದಲಾವಣೆಗಳೂ ಆಗಿವೆ. ನನಗೆ ಉಪ್ಪಿಟ್ಟು ಹಾಕಿದ ಕೇರ್ ಎಂಬ ಸೇವಾ ಸಂಸ್ಥೆ 2007ರಲ್ಲಿ ಒಂದು ತೀರ್ಮಾನ ಮಾಡಿತು. ಅಮೆರಿಕ ಸರ್ಕಾರ ಕೊಡುವ ಧಾನ್ಯವನ್ನು ಬಡ ದೇಶಗಳ ಪೇಟೆಯಲ್ಲಿ ಮಾರಿ, ಬಂದ ದುಡ್ಡಿನಲ್ಲಿ ಕೆಲಸ ಮಾಡುವುದು ಆಗಿನ ಪದ್ಧತಿ. ಅದರಿಂದ ಅಲ್ಲಿಯ ರೈತರಿಗೇ ಪೆಟ್ಟು ಬೀಳುತ್ತದೆ ಎಂದು ವರ್ಷಕ್ಕೆ ಸುಮಾರು 4.5 ಕೋಟಿ ಡಾಲರನ್ನು ಕೈಬಿಡಲು ಕೇರ್ ಒಪ್ಪಿತು. ಕುರಿಯನ್ ಮಾಡಿದ್ದೂ ಮಾರಾಟವೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಬೆಲೆ ಇಡುವ ಅಧಿಕಾರ ನಮ್ಮ ಕೈಯಲ್ಲಿತ್ತು, ಮಾರಿದ ದುಡ್ಡು ಅದೇ ಹಾಲಿನವನ ಕೊಟ್ಟಿಗೆಗೆ ಮರಳಿತು. ಆ ಎರಡು ಇಲ್ಲದಿದ್ದರೆ ಅದು ಬರೀ ಡಬ್ಬದ ಎಣ್ಣೆ. 2008ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವೂ ಸಣ್ಣ ರೈತರಿಂದಲೇ ಧಾನ್ಯ ಕೊಳ್ಳುವ ಪ್ರಯೋಗ ಶುರುಮಾಡಿತು. ತಾಂಜಾನಿಯಾದ ಅರುಷಾದಲ್ಲಿ ಎ ಟು ಝಡ್ ಎಂಬ ಗಿರಣಿಗೆ ಜಪಾನಿನ ಸುಮಿಟೊಮೊ ಕಂಪನಿ ಔಷಧ ಬೆರೆತ ಸೊಳ್ಳೆ ಪರದೆಯ ತಂತ್ರಜ್ಞಾನವನ್ನು 2003ರಲ್ಲಿ ರಾಯಧನವಿಲ್ಲದೆ ಕೊಟ್ಟಿತು. ಮಲೇರಿಯಾ ತಡೆಗೆ ದಾನಿಗಳು ಕೊಂಡು ಹಂಚುವ ಪರದೆಗಳಲ್ಲಿ ಆಫ್ರಿಕಾದಲ್ಲೇ ನೇಯ್ದವೂ ಸೇರಿದವು. ಮಗುವಿಗೆ ಉಚಿತ, ಗಿರಣಿಗೆ ಮಾರಾಟ: ಮತ್ತೆ ಅದೇ ಕ್ಷೀರಭಾಗ್ಯದ ಲೆಕ್ಕ.

ಈಗ ನಿಮ್ಮ ವಿಷಯ. ನಮ್ಮ ಸಾಲದ ಯೋಜನೆಗಳಲ್ಲಿ ಒಂದು ನಿಯಮವಿದೆ: ಒಟ್ಟು ಸರಕು, ಸೇವೆಯ ಶೇ 75ರಷ್ಟನ್ನು ಭಾರತದಿಂದಲೇ ಕೊಳ್ಳಬೇಕು. ಕಷ್ಟವಿದ್ದರೆ ಸ್ವಲ್ಪ ಸಡಿಲಿಕೆ. ನಮ್ಮ ಕಾರ್ಖಾನೆಗಳಿಗೆ ಕೆಲಸ ಸಿಗುತ್ತದೆ, ಗೊತ್ತು. ಸಾಲ ಕೊಟ್ಟವನು ತನ್ನ ಅಂಗಡಿಯಲ್ಲೇ ಕೊಳ್ಳು ಎನ್ನುವುದು ನಮ್ಮ ಹಳ್ಳಿಯ ಸಾಹುಕಾರನಿಗೂ ಗೊತ್ತಿದ್ದ ಪಾಠ. ಬೆಲೆ ಸ್ವಲ್ಪ ಜಾಸ್ತಿ ಹಾಕುವುದೂ ಅವನಿಗೆ ಗೊತ್ತಿತ್ತು. ಹೀಗೆ ಕಟ್ಟುಹಾಕಿ ಕೊಟ್ಟ ನೆರವಿನಲ್ಲಿ ವಸ್ತುವಿನ ಬೆಲೆ ಶೇ 15ರಿಂದ 30ರಷ್ಟು ಹೆಚ್ಚುತ್ತದೆ ಎಂಬುದು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಬಹಳ ಹಿಂದಿನಿಂದ ಹೇಳುತ್ತಿರುವ ಲೆಕ್ಕ. ತೀರಾ ಬಡ ದೇಶಗಳಿಗಾದರೂ ಈ ಕಟ್ಟು ಬಿಚ್ಚಿ ಎಂದು ಅದು ತನ್ನ ಸದಸ್ಯರಿಗೆ 2001ರಲ್ಲೇ ಸಲಹೆ ಮಾಡಿತು.

ಎಲ್ಲ ಸರಕೂ ಒಂದೇ ಅಲ್ಲ ಎಂಬುದನ್ನೂ ಒಪ್ಪುತ್ತೇನೆ. ಸೆನೆಗಲ್‌ಗೆ ನಮ್ಮ ಸಾಲದಲ್ಲಿ ನೀರಾವರಿ ಪಂಪುಗಳು ಹೋದವು. ಅಕ್ಕಿ ಕಳಿಸುವುದಕ್ಕಿಂತ ಪಂಪು ಕಳಿಸುವುದು ನೂರು ಪಾಲು ಮೇಲು. 1950ರ ದಶಕದಲ್ಲಿ ಯುನಿಸೆಫ್ ಆಣಂದ್‌ಗೆ ಕೊಟ್ಟದ್ದೂ ಯಂತ್ರಗಳನ್ನೇ. ಆದರೆ ಪಂಪ್‌ಸೆಟ್ಟಿನ ಬಗ್ಗೆ ಶಿರಾ ತಾಲೂಕಿನವನಿಗೆ ಒಂದು ವಿಷಯ ಗೊತ್ತು, ದೆಹಲಿಯವರಿಗೆ ಗೊತ್ತಿರಲಿಕ್ಕಿಲ್ಲ. ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿದು ಮೋಟರ್ ಸುಟ್ಟರೆ ನಾವು ಕಂಪನಿಗೆ ಫೋನ್ ಮಾಡುವುದಿಲ್ಲ, ರೀವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗುತ್ತೇವೆ. ಹಗಲು ರಾತ್ರಿ ತಾಮ್ರದ ತಂತಿ ಸುತ್ತುವ ಆ ಹುಡುಗರಿಲ್ಲದಿದ್ದರೆ ನಮ್ಮ ತಾಲೂಕಿನ ತೋಟಗಳು ಎಂದೋ ಒಣಗುತ್ತಿದ್ದವು. ನೀವು ಕಳಿಸುವ ಪಂಪಿನ ಹಿಂದೆ ಆ ಅಂಗಡಿಯೂ ಹೋಗಲಿ. ಅಲ್ಲಿಯ ಹುಡುಗರಿಗೆ ಕೆಲಸ ಕಲಿಸಿ, ಬಿಡಿಭಾಗ ಇಟ್ಟುಕೊಳ್ಳಲು ಆ ಊರಿನ ವ್ಯಾಪಾರಿಗೇ ಸಾಲದಲ್ಲಿ ಒಂದು ಪಾಲು ಕೊಡಿ. ಶೇ 75 ಎಂಬುದು 60 ಆದರೆ ನಮ್ಮ ಕಾರ್ಖಾನೆಗಳೇನೂ ಮುಚ್ಚುವುದಿಲ್ಲ.

ತಿನ್ನುವ, ಉಡುವ ವಸ್ತು ಕಳಿಸುವ ಸಂದರ್ಭ ಬಂದಾಗ ನಿಮ್ಮ ಅರ್ಜಿ ನಮೂನೆಯಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿ: ಈ ವಸ್ತುವನ್ನು ಆ ಊರಿನಲ್ಲಿ ಈಗ ಯಾರು ಮಾರುತ್ತಿದ್ದಾರೆ? ಉತ್ತರ ‘ಯಾರೂ ಇಲ್ಲ’ ಎಂದಾದರೆ, ಅಂದರೆ ಬರವೋ ಯುದ್ಧವೋ ಬಂದು ಅಂಗಡಿಗಳೇ ಬರಿದಾಗಿದ್ದರೆ, ಹಡಗು ತುಂಬಿ ಕಳಿಸಿ. ಅಫ್ಘಾನಿಸ್ತಾನಕ್ಕೆ 50 ಸಾವಿರ ಟನ್ ಗೋಧಿ ಕೊಡುತ್ತೇವೆ ಎಂದು 2021ರಲ್ಲಿ ಹೇಳಿದಾಗ ಯಾವ ಕಾಲಮ್ಮೂ ಬೇಕಿರಲಿಲ್ಲ. ಯಾರಾದರೂ ಮಾರುತ್ತಿದ್ದಾರೆ ಎಂದಾದರೆ ಮೊದಲು ಅವರಿಂದಲೇ ಕೊಳ್ಳಲು ದುಡ್ಡು ಕೊಡಿ, ಸಾಲದೆ ಬಂದರೆ ಮಾತ್ರ ಮೂಟೆ ಕಳಿಸಿ. ಯಾವ ತಿಂಗಳಲ್ಲಿ ಕಳಿಸುತ್ತೀರಿ ಎಂಬುದನ್ನೂ ಬರೆಸಿ, ಅವರ ಸುಗ್ಗಿಗೆ ಮೊದಲೋ ಆಮೇಲೋ ಎಂದು. ಇಷ್ಟು ತಿಳಿಯಲು ದೊಡ್ಡ ಅಧ್ಯಯನ ಬೇಡ. ನಮ್ಮ ರಾಯಭಾರ ಕಚೇರಿಯವರು ಒಂದು ಸಂತೆಯ ದಿನ ಚೀಲ ಹಿಡಿದು ಹೊರಟರೆ ಸಾಕು.

ಕೊನೆಯದಾಗಿ ಒಂದು ಆಹ್ವಾನ. 1964ರಿಂದ ನಡೆಯುತ್ತಿರುವ ನಿಮ್ಮ ಐಟೆಕ್ ತರಬೇತಿಗೆ ಹೊರದೇಶಗಳವರು ಬರುತ್ತಲೇ ಇರುತ್ತಾರೆ. ಹಾಲಿನ ವಿಷಯ ಕಲಿಯಲು ಬಂದವರನ್ನು ದೊಡ್ಡ ಡೇರಿಗಳ ಸ್ಟೀಲ್ ಟ್ಯಾಂಕುಗಳ ಮುಂದೆ ನಿಲ್ಲಿಸಿ ಫೋಟೋ ತೆಗೆಸಿ ಕಳಿಸಬೇಡಿ. ಒಂದು ದಿನ ನಮ್ಮೂರಿಗೂ ಕರೆತನ್ನಿ. ಸಂಘದ ಪುಸ್ತಕಗಳನ್ನು ಮೊದಲಿನಿಂದ ಬಿಚ್ಚಿ ತೋರಿಸುತ್ತೇನೆ, ಬೂಸಾ ಅಂಗಡಿಗೂ ಗಾಣದಜ್ಜನ ಮೊಮ್ಮಗನ ಏಜೆನ್ಸಿಗೂ ಕರೆದುಕೊಂಡು ಹೋಗುತ್ತೇನೆ. ಉಳಿಯಲು ನಮ್ಮ ಮನೆಯಿದೆ, ಊಟಕ್ಕೆ ಮುದ್ದೆಯಿದೆ. ಬರುವುದಾದರೆ ಬೆಳಗ್ಗೆ ಆರಕ್ಕೇ ಬರಬೇಕು. ಏಳೂವರೆಗೆ ಹಾಲಿನ ಗಾಡಿ ಹೊರಟುಬಿಡುತ್ತದೆ.

ಇತಿ,
ಹಾಲು ಉತ್ಪಾದಕರ ಸಂಘವೊಂದರ ನಿವೃತ್ತ ಕಾರ್ಯದರ್ಶಿ,
ಶಿರಾ ತಾಲೂಕು, ತುಮಕೂರು ಜಿಲ್ಲೆ